ಯಾಖಿಮೋವ್

ಯಾಖಿಮೋವ್ ಜೆಕ್ ಗಣರಾಜ್ಯದ ಕಾರ್ಲೊವಿ ವಾರಿ ಪ್ರಾಂತ್ಯದಲ್ಲಿರುವ ಒಂದು ಚಿಕ್ಕ ಪಟ್ಟಣ. ಜರ್ಮನ್ ಭಾಷೆಯಲ್ಲಿ ಇದರ ಹೆಸರು ಯೋಆಖಿಮ್ಸ್‌ಟಾಲ್, ಅಂದರೆ 'ಯೋಆಖಿಮನ ಕಣಿವೆ'. ಬೆಳ್ಳಿಯ ಗಣಿ, ಟಾಲರ್ ನಾಣ್ಯ ಹಾಗೂ ಯುರೇನಿಯಂ ಅದಿರಿನಿಂದ ಇದು ಪ್ರಸಿದ್ಧವಾಗಿದೆ.

ಭೌಗೋಳಿಕ ಲಕ್ಷಣ

ಪಟ್ಟಣವು ಜರ್ಮನಿಯ ಗಡಿಗೆ ಸಮೀಪದಲ್ಲಿ, ಕ್ರುಶ್ನೇ ಹೋರಿ ಪರ್ವತಶ್ರೇಣಿಯ ಇಕ್ಕಟ್ಟಾದ ಕಣಿವೆಯೊಂದರಲ್ಲಿದೆ. ಈ ಶ್ರೇಣಿಯ ಅತ್ಯುನ್ನತ ಶಿಖರವಾದ ಕ್ಲೀನೊವೆಟ್ಸ್ (1,244 ಮೀಟರ್) ಇಲ್ಲಿಗೆ ಹತ್ತಿರದಲ್ಲಿದೆ. ಇಂದಿನ ಜನಸಂಖ್ಯೆ ಮೂರು ಸಾವಿರಕ್ಕಿಂತ ಕಡಿಮೆ.

ಬೆಳ್ಳಿಯ ಕಾಲ

1516ರಲ್ಲಿ ಇಲ್ಲಿ ಬೆಳ್ಳಿಯ ನಿಕ್ಷೇಪ ಪತ್ತೆಯಾದ ಮೇಲೆ ಶ್ಲಿಕ್ ಮನೆತನದ ಸ್ಟೀಫನ್ ಪ್ರಭು ಪಟ್ಟಣವನ್ನು ಸ್ಥಾಪಿಸಿದನು. ಕೆಲವೇ ವರ್ಷಗಳಲ್ಲಿ ಸಾವಿರಾರು ಗಣಿಕಾರ್ಮಿಕರು ಬಂದು ನೆಲೆಸಿದರು; ಬೊಹೆಮಿಯಾದಲ್ಲಿ ಪ್ರಾಗ್ ನಗರವನ್ನು ಬಿಟ್ಟರೆ ಇದೇ ಅತಿ ದೊಡ್ಡ ಊರಾಗಿ ಬೆಳೆಯಿತು. ಇಲ್ಲಿ ಅಚ್ಚು ಹಾಕಿದ ಬೆಳ್ಳಿ ನಾಣ್ಯಕ್ಕೆ ಊರಿನ ಹೆಸರಿನಿಂದಲೇ 'ಯೋಆಖಿಮ್ಸ್‌ಟಾಲರ್' ಎಂಬ ಹೆಸರು ಬಂದು, ಅದು ಕ್ರಮೇಣ 'ಟಾಲರ್' ಎಂದಾಯಿತು. 'ಡಾಲರ್' ಎಂಬ ಪದದ ಮೂಲ ಇದೇ. ಗಣಿಶಾಸ್ತ್ರದ ಮೇರುಕೃತಿ 'ದೇ ರೇ ಮೆಟಾಲಿಕಾ'ವನ್ನು ರಚಿಸಿದ ಗಿಯೊರ್ಗಿಯಸ್ ಅಗ್ರಿಕೋಲನು ಇಲ್ಲಿ ಕೆಲವು ವರ್ಷ ವೈದ್ಯನಾಗಿದ್ದನು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳ್ಳಿಯ ಇಳುವರಿ ಕುಗ್ಗಿ, ಪಟ್ಟಣದ ವೈಭವವೂ ಇಳಿಮುಖವಾಯಿತು.

ಯುರೇನಿಯಂ ಮತ್ತು ರೇಡಿಯಂ

ಬೆಳ್ಳಿಯನ್ನು ಅರಸುತ್ತಿದ್ದವರಿಗೆ ನಿರುಪಯುಕ್ತವೆನಿಸಿದ್ದ ಪಿಚ್‌ಬ್ಲೆಂಡ್ ಎಂಬ ಕಪ್ಪು ಅದಿರು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲೆ ಪಡೆಯಿತು. ಅದರಿಂದ ಗಾಜು ಮತ್ತು ಪಿಂಗಾಣಿಗೆ ಬೇಕಾದ ಯುರೇನಿಯಂ ಬಣ್ಣಗಳನ್ನು ತಯಾರಿಸಲಾಗುತ್ತಿತ್ತು. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ಪಿಚ್‌ಬ್ಲೆಂಡ್‌ನಲ್ಲಿ ಪೊಲೋನಿಯಂ ಮತ್ತು ರೇಡಿಯಂ ಧಾತುಗಳನ್ನು ಕಂಡುಹಿಡಿದರು. ರೇಡಿಯಂ ಬೇರ್ಪಡಿಸಲು ಬಳಸಿದ್ದು ಈ ಊರಿನ ಕಾರ್ಖಾನೆಯಲ್ಲಿ ಉಳಿದ ಟನ್ನುಗಟ್ಟಲೆ ಅದಿರಿನ ಶೇಷವನ್ನು. 1906ರಲ್ಲಿ ಗಣಿಯ ರೇಡಾನ್‌ಯುಕ್ತ ನೀರಿನ ಸ್ನಾನಚಿಕಿತ್ಸೆ ಆರಂಭವಾಯಿತು.

ಬಂದೀಖಾನೆಗಳ ಕಾಲ

1938ರ ಮ್ಯೂನಿಕ್ ಒಪ್ಪಂದದಿಂದ ಈ ಪ್ರದೇಶ ಜರ್ಮನಿಯ ವಶವಾಯಿತು. ಎರಡನೆಯ ಮಹಾಯುದ್ಧದ ನಂತರ ಇಲ್ಲಿನ ಬಹುಪಾಲು ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. 1948ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಬಳಿಕ ಸುತ್ತಲೂ ಶಿಬಿರಗಳನ್ನು ತೆರೆದು, ಸಾವಿರಾರು ರಾಜಕೀಯ ಕೈದಿಗಳನ್ನು ಯುರೇನಿಯಂ ಗಣಿಗಳಲ್ಲಿ ದುಡಿಸಲಾಯಿತು. ಅದಿರು ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ವಿಕಿರಣದಿಂದ ರಕ್ಷಣೆಯಿಲ್ಲದೆ ದುಡಿದ ಅನೇಕರ ಆರೋಗ್ಯ ಹಾಳಾಯಿತು. ಕೈದಿಗಳು ಅದಿರನ್ನು ಪುಡಿಮಾಡಿ ಪೀಪಾಯಿಗಳಿಗೆ ತುಂಬುತ್ತಿದ್ದ ಕಟ್ಟಡ 'ಕೆಂಪು ಮೃತ್ಯುಗೋಪುರ'ವೆಂದು ಹೆಸರಾಗಿ ಇಂದಿಗೂ ಸಮೀಪದಲ್ಲಿ ನಿಂತಿದೆ. 1960ರ ದಶಕದಲ್ಲಿ ಯುರೇನಿಯಂ ಗಣಿಗಾರಿಕೆ ನಿಂತಿತು.

ಇಂದಿನ ಸ್ಥಿತಿ

ಹಳೆಯ ಸ್ವೊರ್ನೊಸ್ತ್ ಗಣಿಯಿಂದ ಈಗಲೂ ಚಿಕಿತ್ಸಾಲಯಗಳಿಗೆ ನೀರು ಪೂರೈಕೆಯಾಗುತ್ತದೆ. 2019ರಲ್ಲಿ ಯುನೆಸ್ಕೋ ಸಂಸ್ಥೆಯು ಜರ್ಮನಿ ಮತ್ತು ಜೆಕ್ ಗಣರಾಜ್ಯಗಳಲ್ಲಿ ಹರಡಿರುವ ಈ ಗಣಿ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾಖಿಮೋವ್ ಮತ್ತು ಕೆಂಪು ಮೃತ್ಯುಗೋಪುರ ಎರಡೂ ಅದರಲ್ಲಿ ಸೇರಿವೆ.