ಜಾಮೀನಿನ ಟಿಕೆಟ್‌ನಿಂದ ವಿಮಾಪತ್ರದವರೆಗೆ: ಗುಜರಾತಿನ ವಿದೇಶಯಾತ್ರಿಕರು ಮತ್ತು ಕಡ್ಡಾಯ ವೈದ್ಯಕೀಯ ವಿಮೆಯ ಚರಿತ್ರೆ

ಪರದೇಶದಲ್ಲಿ ಯಾತ್ರಿಕನು ಕಾಯಿಲೆ ಬಿದ್ದರೆ ಅದರ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಯನ್ನು ಪ್ರಯಾಣಕ್ಕೆ ಮೊದಲೇ ಇತ್ಯರ್ಥಪಡಿಸುವ ಕಟ್ಟಳೆಯು ಇಪ್ಪತ್ತೊಂದನೆಯ ಶತಮಾನದ ವೀಸಾ ನಿಯಮಗಳ ಜೊತೆಗೇ ಹುಟ್ಟಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಗುಜರಾತಿನ ಯಾತ್ರಾ ಇತಿಹಾಸವನ್ನು ಪರಿಶೀಲಿಸಿದರೆ ಅದರ ಬೇರುಗಳು ಹಜ್ ಹಡಗುಗಳ ಕಾಲದವರೆಗೂ ಚಾಚಿರುವುದು ಕಾಣುತ್ತದೆ. ಅಹಮದಾಬಾದಿನ ಪಶ್ಚಿಮ ಅಂಚಿನಲ್ಲಿದ್ದು 2020ರಲ್ಲಿ ಆ ನಗರದ ಮಹಾನಗರಪಾಲಿಕೆಗೆ ಸೇರಿದ ಬೋಪಾಲ್‌ನಂಥ ಬಡಾವಣೆಯಿಂದ ಮಕ್ಕಳು ಮೊಮ್ಮಕ್ಕಳನ್ನು ಕಾಣಲು ಕೆನಡಾಕ್ಕೆ ಹೊರಡುವ ಹಿರಿಯರು, ವಡೋದರಾದಿಂದ ಬ್ರಿಟನ್ನಿಗೆ ಓದಲು ಹೋಗುವ ವಿದ್ಯಾರ್ಥಿಗಳು, ಸೂರತ್‌ನಿಂದ ಬೆಲ್ಜಿಯಂಗೆ ಓಡಾಡುವ ವಜ್ರದ ವ್ಯಾಪಾರಿಗಳು ಇಂದು ಮೂರು ಬೇರೆ ಬೇರೆ ನಿಬಂಧನೆಗಳಿಗೆ ಒಳಪಟ್ಟಿದ್ದಾರೆ. ಈ ನಿಬಂಧನೆಗಳನ್ನು ರೂಪಿಸಿದ್ದು ಯಾತ್ರಿಕನ ಅಗತ್ಯಕ್ಕಿಂತ ಹೆಚ್ಚಾಗಿ ಆತನ ಹೊರೆ ಯಾವ ಬೊಕ್ಕಸದ ಮೇಲೆ ಬೀಳುತ್ತದೆಂಬ ಲೆಕ್ಕಾಚಾರವೇ ಎಂಬುದನ್ನು ಇಲ್ಲಿ ಪ್ರತಿಪಾದಿಸಲಾಗಿದೆ.

ಮೊಘಲರ ಕಾಲದಲ್ಲಿ ಸೂರತ್ ಭಾರತದ ಹಜ್ ಯಾತ್ರಿಕರ ಮುಖ್ಯ ಬಂದರಾಗಿದ್ದು, ಮಕ್ಕಾದ ಹೆಬ್ಬಾಗಿಲೆಂದೇ ಹೆಸರಾಗಿತ್ತು. ಷಹಜಹಾನನ ಆಳ್ವಿಕೆಯಲ್ಲಿ, 1644ರಲ್ಲಿ, ಅಲ್ಲಿ ಯಾತ್ರಿಕರ ತಂಗುದಾಣವಾಗಿ ನಿರ್ಮಾಣಗೊಂಡ ಮೊಘಲ್ ಸರಾಯಿಯ ಕಟ್ಟಡದಲ್ಲೇ ಇಂದು ಸೂರತ್ ಮಹಾನಗರಪಾಲಿಕೆಯ ಪ್ರಧಾನ ಕಚೇರಿಯಿದೆ. ದೂರ ಪ್ರಯಾಣದ ಕಷ್ಟನಷ್ಟಗಳಿಗೆ ಆಗ ಒದಗುತ್ತಿದ್ದ ಆಸರೆಯೆಂದರೆ ಅರಸರ ದತ್ತಿ, ಶ್ರೀಮಂತರ ದಾನ ಮತ್ತು ಸಹಯಾತ್ರಿಕರ ನೆರವು ಮಾತ್ರ.

ಹತ್ತೊಂಬತ್ತನೆಯ ಶತಮಾನದಲ್ಲಿ ಯಾತ್ರಿಕರ ಹಡಗುಗಳು ಮುಂಬಯಿಯಿಂದ ಹೊರಡತೊಡಗಿ, ಉಗಿಹಡಗುಗಳು ಬಡವರಿಗೂ ಸಮುದ್ರಯಾನವನ್ನು ಎಟುಕಿಸಿದಾಗ ಈ ವ್ಯವಸ್ಥೆ ಸಾಲದಾಯಿತು. 1865ರಲ್ಲಿ ಮಕ್ಕಾದಲ್ಲಿ ಕಾಣಿಸಿಕೊಂಡ ಕಾಲರಾ ಈಜಿಪ್ಟಿನ ಮೂಲಕ ಯೂರೋಪಿಗೆ ಹಬ್ಬಿದ್ದರಿಂದ, ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನವು ಭಾರತದ ಯಾತ್ರಿಕರನ್ನು ರೋಗವಾಹಕರೆಂದು ಗುರುತಿಸಿತು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ 1882ರಿಂದ ದಿಗ್ಬಂಧನ ಕೇಂದ್ರ, ಅಂದರೆ ಸೋಂಕಿನ ಶಂಕೆಯಿರುವವರನ್ನು ನಿಗದಿತ ದಿನಗಳವರೆಗೆ ಪ್ರತ್ಯೇಕವಾಗಿರಿಸುವ ತಾಣ, ಕೆಲಸ ಮಾಡತೊಡಗಿತು. ಮುಂಬಯಿಯ ಪ್ಲೇಗ್ ಕಾರಣವಾಗಿ 1897ರಲ್ಲಿ ಭಾರತದಿಂದ ಹೋಗುವ ಹಜ್ ಯಾತ್ರೆಯನ್ನೇ ತಡೆಹಿಡಿಯಲಾಯಿತು.

ರೋಗದ ಭಯದ ಜೊತೆಗೆ ಖರ್ಚಿನ ಭಯವೂ ಇತ್ತು. ಇದ್ದ ಹಣವೆಲ್ಲ ಮುಗಿದು, ಕೆಲವೊಮ್ಮೆ ಆರೋಗ್ಯವೂ ಕೆಟ್ಟು ಜಿದ್ದಾದಲ್ಲಿ ಸಿಕ್ಕಿಬಿದ್ದ ನಿರ್ಗತಿಕರನ್ನು ಸರ್ಕಾರದ ಇಲ್ಲವೇ ದಾನಿಗಳ ಹಣದಿಂದ ಊರಿಗೆ ಕರೆತರಬೇಕಾಗುತ್ತಿತ್ತು. ಡಚ್ಚರು 1859ರಲ್ಲೇ ತಮ್ಮ ಅಧೀನದ ಇಂಡೋನೇಷ್ಯಾದ ಯಾತ್ರಿಕರು ಹೋಗಿಬರುವ ಖರ್ಚಿಗೆ ಸಾಕಾಗುವಷ್ಟು ಹಣ ತಮ್ಮಲ್ಲಿದೆಯೆಂದು ರುಜುವಾತುಪಡಿಸಬೇಕೆಂದು ಆಜ್ಞೆ ಹೊರಡಿಸಿದ್ದರು. ಧಾರ್ಮಿಕ ವಿಷಯದಲ್ಲಿ ಕೈಹಾಕಲು ಅಂಜುತ್ತಿದ್ದ ಬ್ರಿಟಿಷ್ ಭಾರತದ ಆಡಳಿತವು ದಶಕಗಳ ಕಾಲ ಅನುಮಾನಿಸಿ, ಕಡೆಗೆ 1925ರಲ್ಲಿ ವ್ಯಾಪಾರಿ ನೌಕಾ ಕಾಯ್ದೆಗೆ ತಿದ್ದುಪಡಿ ತಂದು, ಮರಳಿ ಬರುವ ಟಿಕೆಟ್ಟನ್ನಾಗಲಿ ಅದರ ಬದಲು ಠೇವಣಿಯನ್ನಾಗಲಿ ಹೊಂದಿರದ ಯಾತ್ರಿಕನನ್ನು ಹಡಗಿಗೆ ಹತ್ತಿಸಬಾರದೆಂದು ವಿಧಿಸಿತು. ಇದು ವಿಮೆಯಲ್ಲ ನಿಜ, ಏಕೆಂದರೆ ಹಲವರ ಕಂತುಗಳನ್ನು ಒಟ್ಟುಗೂಡಿಸಿ ಕೆಲವರ ನಷ್ಟವನ್ನು ತುಂಬಿಕೊಡುವ ಏರ್ಪಾಡು ಇದರಲ್ಲಿರಲಿಲ್ಲ. ಆದರೂ ಸಂಭವಿಸಬಹುದಾದ ವೆಚ್ಚಕ್ಕೆ ಹೊರಡುವ ಮೊದಲೇ ಜಾಮೀನು ಪಡೆಯುವ ತತ್ತ್ವ ಇಲ್ಲಿ ಶಾಸನರೂಪ ಪಡೆದಿದ್ದರಿಂದ, ಇಂದಿನ ಕಡ್ಡಾಯ ವಿಮೆಯ ಪೂರ್ವರೂಪವನ್ನು ಇದರಲ್ಲಿ ಗುರುತಿಸುವುದು ಸಮಂಜಸ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಯಾತ್ರಿಕನಿಂದ ಅಪೇಕ್ಷಿಸಲಾಗುತ್ತಿದ್ದುದು ಮುಖ್ಯವಾಗಿ ಲಸಿಕೆಯ ಪ್ರಮಾಣಪತ್ರ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗಲೂ ಹೊರದೇಶಗಳ ಪ್ರತಿಕ್ರಿಯೆ ಹಳೆಯ ಜಾಡಿನಲ್ಲೇ ಸಾಗಿ, ಹಲವು ಕೊಲ್ಲಿ ರಾಷ್ಟ್ರಗಳು ಭಾರತದ ವಿಮಾನಗಳನ್ನು ತಡೆದವು. ಇಷ್ಟರಲ್ಲಿ ಭಾರತದಲ್ಲಿ ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳು 1984ರಿಂದಲೇ ಓವರ್‌ಸೀಸ್ ಮೆಡಿಕ್ಲೇಮ್ ಪಾಲಿಸಿಯನ್ನು ಆರಂಭಿಸಿ, ಪ್ರವಾಸದ ಅವಧಿಯಲ್ಲಿ ತಗಲುವ ಕಾಯಿಲೆ ಮತ್ತು ಅಪಘಾತಗಳ ಚಿಕಿತ್ಸಾವೆಚ್ಚಕ್ಕೆ ರಕ್ಷಣೆ ಒದಗಿಸಿದ್ದವು.

ಐಚ್ಛಿಕವಾಗಿದ್ದುದನ್ನು ಕಡ್ಡಾಯಗೊಳಿಸಿದ ಮುಖ್ಯ ಘಟ್ಟವೆಂದರೆ ಯೂರೋಪಿಯನ್ ಒಕ್ಕೂಟದ ಮಂತ್ರಿಮಂಡಳಿ 2003ರ ಡಿಸೆಂಬರ್‌ನಲ್ಲಿ ಕೈಗೊಂಡು 2004ರ ಜೂನ್ 1ರಿಂದ ಜಾರಿಗೆ ತಂದ ನಿರ್ಣಯ. ಒಂದೇ ವೀಸಾದ ಮೇಲೆ ಗಡಿತಪಾಸಣೆಯಿಲ್ಲದೆ ಓಡಾಡಬಹುದಾದ ದೇಶಗಳ ಕೂಟವಾದ ಷೆಂಗೆನ್ ವಲಯಕ್ಕೆ ಅಲ್ಪಾವಧಿಗೆ ಹೋಗುವವರು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಹೊಂದಿರಬೇಕೆಂಬ ಈ ನಿಯಮ 2009ರ ವೀಸಾ ಸಂಹಿತೆಯ 15ನೆಯ ವಿಧಿಯಲ್ಲಿ ನೆಲೆಗೊಂಡಿತು. ತುರ್ತು ಚಿಕಿತ್ಸೆ, ಆಸ್ಪತ್ರೆವಾಸ, ಅನಾರೋಗ್ಯದಿಂದಾಗಿ ಸ್ವದೇಶಕ್ಕೆ ಮರಳಿಸುವಿಕೆ ಮತ್ತು ಮರಣ ಇವು ಅದರ ವ್ಯಾಪ್ತಿಗೆ ಬರುತ್ತವೆ. ಅನಾರೋಗ್ಯಪೀಡಿತನನ್ನು ಮರಳಿ ಕಳಿಸುವ ಖರ್ಚಿಗೆ ಮುಂಗಡವಾಗಿ ಭದ್ರತೆ ಕೇಳುವ ಈ ಅಂಶವನ್ನು 1925ರ ತಿದ್ದುಪಡಿಯೊಡನೆ ಹೋಲಿಸಿದರೆ ಎರಡರ ಆಡಳಿತಾತ್ಮಕ ಚಿಂತನೆ ಒಂದೇ ಎಂಬುದು ಸ್ಪಷ್ಟವಾಗುತ್ತದೆ.

ಉಳಿದ ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಬ್ರಿಟನ್ 2015ರ ಏಪ್ರಿಲ್‌ನಿಂದ, ಆರು ತಿಂಗಳಿಗಿಂತ ಹೆಚ್ಚು ಕಾಲ ನೆಲೆಸಲು ಬರುವವರಿಂದ ವರ್ಷಕ್ಕೆ 200 ಪೌಂಡ್, ವಿದ್ಯಾರ್ಥಿಗಳಿಂದ 150 ಪೌಂಡ್ ಆರೋಗ್ಯ ಮೇಲ್ತೆರಿಗೆ ವಸೂಲಿ ಮಾಡತೊಡಗಿತು. 2024ರ ಫೆಬ್ರವರಿಯ ಹೊತ್ತಿಗೆ ಸಾಮಾನ್ಯ ದರ 1,035 ಪೌಂಡ್‌ಗೆ ಏರಿತ್ತು. ಕೋವಿಡ್ ಕಾಲದಲ್ಲಿ ಥಾಯ್ಲೆಂಡ್ ಮೊದಲಿಗೆ 1,00,000 ಡಾಲರ್ ವಿಮೆಯನ್ನು ಕೇಳಿ, 2022ರಲ್ಲಿ ಆ ನಿಬಂಧನೆಯನ್ನು ಕೈಬಿಟ್ಟಿತು. ಆದರೆ ಈ ಚರಿತ್ರೆಯಲ್ಲಿ ಅತ್ಯಂತ ಅರ್ಥಪೂರ್ಣವಾದ ಉದಾಹರಣೆ ಅಮೆರಿಕದ್ದು. ಚಿಕಿತ್ಸೆ ಅತಿ ದುಬಾರಿಯಾಗಿರುವ ಆ ದೇಶವು ಪ್ರವಾಸಿ ವೀಸಾದ ಮೇಲೆ ಬರುವವರಿಗೆ ವಿಮೆಯನ್ನು ಕಡ್ಡಾಯ ಮಾಡಿಲ್ಲ. ಅಲ್ಲಿ ಆಸ್ಪತ್ರೆಯ ಬಿಲ್ಲು ಬಹುಮಟ್ಟಿಗೆ ರೋಗಿಯ ತಲೆಯ ಮೇಲೆಯೇ ಬೀಳುತ್ತದೆ. ಯಾತ್ರಿಕನಿಗೆ ಅಪಾಯ ಹೆಚ್ಚಿರುವಲ್ಲಿ ಒತ್ತಾಯವಿಲ್ಲದಿರುವುದಕ್ಕೂ, ಸಾರ್ವಜನಿಕ ಆಸ್ಪತ್ರೆಗಳನ್ನು ಪೋಷಿಸುವ ಯೂರೋಪಿನಲ್ಲಿ ಒತ್ತಾಯವಿರುವುದಕ್ಕೂ ಇದಕ್ಕಿಂತ ಸಮರ್ಪಕವಾದ ವಿವರಣೆ ದೊರೆಯುವುದಿಲ್ಲ.

ಈ ಮಾತಿಗೆ ಮುಖ್ಯ ಅಪವಾದವೊಂದು ಭಾರತದಲ್ಲೇ ಇದೆ. ಹತ್ತನೆಯ ತರಗತಿ ತೇರ್ಗಡೆಯಾಗದೆ, ವಲಸೆ ಅನುಮತಿ ಪಡೆದೇ ಕೊಲ್ಲಿ ಮುಂತಾದ ನಿಗದಿತ ದೇಶಗಳಿಗೆ ಹೋಗಬೇಕಾದ ಕಾರ್ಮಿಕರಿಗಾಗಿ 2003ರ ಡಿಸೆಂಬರ್ 25ರಂದು ಆರಂಭವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯು, ಬರಮಾಡಿಕೊಳ್ಳುವ ದೇಶದ ಬದಲು ಕಳಿಸಿಕೊಡುವ ದೇಶವೇ ವಿಧಿಸಿದ ಕಡ್ಡಾಯ ವಿಮೆ. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂಪಾಯಿ ಅಥವಾ ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಮೇಲೆ, ಅಪಘಾತದಿಂದ ಮರಣ ಇಲ್ಲವೇ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ದೊರೆಯುತ್ತದೆ. ಕರ್ನಾಟಕದ ಕರಾವಳಿಯಿಂದಾಗಲಿ ಗುಜರಾತಿನಿಂದಾಗಲಿ ಕೊಲ್ಲಿಗೆ ದುಡಿಯಲು ಹೋಗುವ ಬಡವನ ಕುಟುಂಬವನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ ಈ ಯೋಜನೆ, ಮೊತ್ತ ಸಣ್ಣದಾದರೂ, ಆಶಯದಲ್ಲಿ ಉಳಿದೆಲ್ಲವುಗಳಿಗಿಂತ ಮೇಲ್ಮಟ್ಟದ್ದೆಂದು ಹೇಳಬೇಕು.

ವಿದೇಶದಲ್ಲಿ ನೆಲೆಸಿದವರ ತಂದೆತಾಯಂದಿರಿಗೆ ಹೆಚ್ಚು ಸಂಬಂಧಿಸಿದ್ದು ಕೆನಡಾ 2011ರ ಡಿಸೆಂಬರ್‌ನಲ್ಲಿ ಜಾರಿಗೆ ತಂದ ಸೂಪರ್ ವೀಸಾ. ಕನಿಷ್ಠ 1,00,000 ಕೆನಡಿಯನ್ ಡಾಲರ್ ಮೊತ್ತದ, ಒಂದು ವರ್ಷ ಚಾಲ್ತಿಯಲ್ಲಿರುವ ವಿಮೆಯನ್ನು ಅದು ಕೇಳುತ್ತದೆ. ಮೊದಲಿಗೆ ಕೆನಡಾದ ಕಂಪನಿಗಳಿಂದಲೇ ಕೊಳ್ಳಬೇಕಾಗಿದ್ದ ಈ ವಿಮೆಯನ್ನು, 2025ರ ಜನವರಿಯಿಂದ ಅಲ್ಲಿನ ಹಣಕಾಸು ನಿಯಂತ್ರಕರ ಮಾನ್ಯತೆ ಪಡೆದ ಹೊರದೇಶದ ಕಂಪನಿಗಳಿಂದಲೂ ಕೊಳ್ಳಬಹುದಾಗಿದೆ. ವೀಸಾ ಅರ್ಜಿಯ ಜೊತೆಗಿಡುವ ವಿಮಾಪತ್ರದಲ್ಲಿ ಅಧಿಕಾರಿಗಳು ಪರಿಶೀಲಿಸುವುದು ಪಾಸ್‌ಪೋರ್ಟಿನಲ್ಲಿರುವ ಹೆಸರು, ದಿನಾಂಕಗಳು, ವ್ಯಾಪ್ತಿ ಮತ್ತು ಮೊತ್ತವನ್ನು. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಂಥ ಮೊದಲಿನಿಂದಲೂ ಇರುವ ಕಾಯಿಲೆಗಳಿಗೆ ಪರಿಹಾರ ಸಲ್ಲುವುದೋ ಇಲ್ಲವೋ ಎಂಬುದು ಪಾಲಿಸಿಯ ಒಳಪುಟಗಳ ಷರತ್ತುಗಳಲ್ಲಿ ಅಡಗಿರುತ್ತದೆ. ಅನೇಕ ಪಾಲಿಸಿಗಳು ಇಂಥ ಕಾಯಿಲೆಗಳನ್ನು ಹೊರಗಿಡುತ್ತವೆ. ಕೆಲವು, ಪ್ರಯಾಣಕ್ಕೆ ಮುಂಚಿನ ನಿಗದಿತ ಅವಧಿಯಲ್ಲಿ ಔಷಧಿಯ ಪ್ರಮಾಣವೂ ಬದಲಾಗದೆ ಕಾಯಿಲೆ ಸ್ಥಿರವಾಗಿರಬೇಕೆಂದು ಷರತ್ತು ಹಾಕುತ್ತವೆ. ಷೆಂಗೆನ್ ಸಂಹಿತೆಯ 15ನೆಯ ವಿಧಿಯಲ್ಲೂ ಈ ಬಗ್ಗೆ ಉಲ್ಲೇಖವಿಲ್ಲ. ವಿಮೆಯನ್ನು ಕಡ್ಡಾಯಗೊಳಿಸಿದ ಶಾಸನಗಳು ಮೊತ್ತವನ್ನು ನಿಗದಿಪಡಿಸಿದಷ್ಟೇ ಕಟ್ಟುನಿಟ್ಟಾಗಿ ಹಳೆಯ ಕಾಯಿಲೆಗಳಿಗೆ ಸಲ್ಲಬೇಕಾದ ರಕ್ಷಣೆಯನ್ನೂ ನಿಗದಿಪಡಿಸಬೇಕಾಗಿದೆ. ಅದಾಗುವವರೆಗೆ ಅರವತ್ತು ದಾಟಿದ ಯಾತ್ರಿಕರು ಕೊಳ್ಳುತ್ತಿರುವ ಪಾಲಿಸಿಗಳಲ್ಲಿ ಬಹಳಷ್ಟು ವೀಸಾಕ್ಕೆ ಸಾಕಾಗಿ ಚಿಕಿತ್ಸೆಗೆ ಸಾಲದೆ ಹೋಗುತ್ತವೆ.