ಬಳ್ಳಾರಿ ಜಾಲಿ ನಮ್ಮ ಒಲಿಗೆ ಬಂದ ಕತಿ

ಕಟ್ಟಿಗಿ ಅಂದ್ರ ಕಟ್ಟಿಗಿ, ಒಲ್ಯಾಗ ಹಾಕಿದ್ರ ಉರಿತೈತಿ, ಅದರಾಗೇನು ಜಾತಿ ನೋಡೂದು ಅಂತ ಈಗಿನ ಹುಡಿಗ್ಯಾರು ಕೇಳತಾರ. ಅವರ ತಪ್ಪಲ್ಲ ಬಿಡ್ರಿ. ಗ್ಯಾಸಿನ ಸಿಲಿಂಡರಿಗೆ ತೊಗಟಿ ಇಲ್ಲ, ವಾಸನಿ ನೋಡಿ ಇದು ಯಾವ ಗಿಡದ್ದು ಅನ್ನೂವಂಗಿಲ್ಲ. ಆದ್ರ ನಮ್ಮ ಅಜ್ಜಿ, ಅವ್ವ, ಚಿಗವ್ವ ಎಲ್ಲಾರೂ ಎಲಿ ಇಲ್ಲದ, ಹೂವಿಲ್ಲದ, ಬರೇ ಸೀಳಿದ ತುಂಡು ನೋಡಿ ಗಿಡದ ಹೆಸರು ಹೇಳತಿದ್ರು. ಅದೊಂದು ವಿದ್ಯಾ. ಅದರ ಹಿಂದ ನಮ್ಮ ಸೀಮಿಯ ಇತಿಹಾಸನೂ ಐತಿ.

ಈ ವಿದ್ಯಾ ಗರಜಿಗೆ ಹುಟ್ಟಿದ್ದು. ಮಲೆನಾಡಿನವರಿಗೆ ಹಿತ್ತಲ ದಾಟಿದ್ರ ಅಡವಿ. ನಮ್ಮ ಗದಗ, ಕೊಪ್ಪಳದ ಎರಿ ಹೊಲದ ಕಡೆ ಕಣ್ಣು ಹಾಯಿಸಿದಷ್ಟೂ ಬಯಲು. ಬದುವಿನ ಮ್ಯಾಲ ಒಂದು ಜಾಲಿ, ಒಂದು ಬೇವು, ಹಳ್ಳದ ದಂಡಿಗೆ ನಾಕು ಹುಣಸಿ, ಅಷ್ಟ. ಹಿಂಗಾಗಿ ಹಳ್ಳ್ಯಾಗ ಒಲಿ ಉರಿದದ್ದು ಹೆಚ್ಚಾಗಿ ಕುಳ್ಳು, ಹತ್ತಿಕಟಗಿ, ತೊಗರಿಕಟಗಿ ಮ್ಯಾಲ. ಪ್ಯಾಟ್ಯಾಗ ಇದ್ದವರು ಕಟ್ಟಿಗಿ ಅಡ್ಡೆಕ್ಕ ಹೋಗಿ ತೂಕ ಮಾಡಿಸಿ ತರಬೇಕಿತ್ತು. ತೂಕ ಅಂದಮ್ಯಾಲ ಹಸಿ ಕಟ್ಟಿಗಿ ಕೊಟ್ರ ನೀರಿಗೆ ರೊಕ್ಕ ಕೊಟ್ಟಂಗ. ಆಗ ಕಡದ ಗಿಡದಾಗ ತೂಕದ ಅರ್ಧದಷ್ಟು ನೀರು ಇರೂದೂ ಉಂಟು. ಅದಕ್ಕ ಮದಲ ಎರಡು ತುಂಡು ಒಂದಕ್ಕೊಂದು ಬಡದು ನೋಡತಿದ್ರು. ಒಣಗಿದ್ದು ಠಣ್ ಅಂತೈತಿ, ಹಸಿದು ದಬ್ ಅಂತೈತಿ. ಒಣಗಿದ್ದರ ತುದಿಗೆ ಬಿಸಲಿಗೆ ಸೀಳಿದಂಥಾ ಬಿರುಕು ಇರತಾವು, ತೊಗಟಿ ಕೈಗೆ ಕಿತ್ತ ಬರತೈತಿ.

ಆಮ್ಯಾಲ ಗಿಡ ಯಾವುದು ಅನ್ನೂದು. ಕಟ್ಟಿಗಿ ತುಂಡಿನ ನಡುವಿನ ಗಟ್ಟಿ, ಬಣ್ಣದ ಭಾಗಕ್ಕ ಚೇಗು ಅಂತಾರ. ಅದರ ಸುತ್ತ ಹೊರಗ ತೆಳಗ ಬಣ್ಣದ ಹಸಿ ಭಾಗ, ಅದರ ಮ್ಯಾಲ ತೊಗಟಿ. ಈ ಮೂರು ನೋಡಿದ್ರ ಮುಕ್ಕಾಲು ಪಾಲು ಗೊತ್ತಾತು.

ಕರಿಜಾಲಿ ಇದ್ರ ತೊಗಟಿ ಕರ್ರಗ, ಉದ್ದಕ್ಕ ಆಳವಾಗಿ ಬಿರಿದಿರತೈತಿ. ಸೀಳಿದ್ರ ಹೊರಗ ಬಿಳಿ, ನಡುವ ಕೆಂಪು, ದಿನ ಕಳದಂಗ ಅದು ಕಂದಾಗತೈತಿ. ಕೈಯಾಗ ಹಿಡದ್ರ ಭಾರ. ಹುಣಸಿಯಾಗ ಹೊರಗಿನ ಹಳದಿ-ಬಿಳಿ ಭಾಗನ ಬಾಳ, ಚೇಗು ನಡುವ ಸಣ್ಣಗ, ಅಂಕುಡೊಂಕಾಗಿ, ನೇರಳಿ ಕಪ್ಪು. ಸೀಳವನ ಬೆನ್ನು ಮುರಿಯೂ ಕಟ್ಟಿಗಿ ಅದು, ಎಳಿ ಒಂದರಾಗೊಂದು ಹೆಣಕೊಂಡಿರತಾವು. ಆದ್ರ ಅದರ ಕಾವು ದೊಡ್ಡದು. ಇಟ್ಟಂಗಿ ಭಟ್ಟಿಯವರು ಅದನ್ನ ಬಿಡೂದಿಲ್ಲ. ಬೇವು ಸೀಳಿದ್ರ ಒಳಗ ಕೆಂಪು, ಮೂಗಿಗೆ ಹಿಡದ್ರ ಬೇವಿನ ವಾಸನಿನ ಬರತೈತಿ. ಆಲ, ಅತ್ತಿ ಹಗೂರ, ಮೆತ್ತಗ, ಹಸಿ ಇದ್ದಾಗ ಹಾಲು ಸುರಿತಾವು, ಭರ್ರನ ಉರದು ಬೂದಿ ಆಗತಾವು. ದೇವರ ಗಿಡ ಅಂತ ಅವನ್ನ ಒಲಿಗೆ ಹಾಕತಿರಲಿಲ್ಲ. ಕೆಂಡನೂ ನಿಲ್ಲೂದಿಲ್ಲ, ಅದೂ ಒಂದು ಕಾರಣ ಇರಬೇಕು. ನೀಲಗಿರಿ ನೆಟ್ಟಗ ಇರತೈತಿ, ತೊಗಟಿ ಹಾಳಿ ಹಾಳಿಯಾಗಿ ಸುಲಿತೈತಿ.

ಒಂದು ಮಾತು ಮಾತ್ರ ಎಲ್ಲಾರೂ ನೆನಪಿಡ್ರಿ. ಕಣಗಿಲ ಗಿಡದ ಕಟ್ಟಿಗಿ ಒಲಿಗೂ ಬ್ಯಾಡ, ಬಚ್ಚಲಿಗೂ ಬ್ಯಾಡ. ಅದರ ಎಲಿ, ಬೇರು, ಕಟ್ಟಿಗಿ ಎಲ್ಲಾ ವಿಷ, ಹೊಗಿನೂ ಕೆಟ್ಟದ್ದು. ತೊಗಟಿ ನುಣ್ಣಗ, ಬೂದಿ ಬಣ್ಣದ್ದು, ಒಳಗ ಬೆಳ್ಳಗ, ಹಗೂರ, ಹಸಿದಕ್ಕ ಅಂಟು ರಸ. ಹಿತ್ತಲ ಸ್ವಚ್ಛ ಮಾಡಿಸಿದಾಗ ಅದನ್ನ ಬ್ಯಾರೆ ತಗದ ಒಗೀರಿ.

ಇನ್ನ ನಮ್ಮ ಬಳ್ಳಾರಿ ಜಾಲಿ. ಸಣ್ಣ ಸಣ್ಣ, ಸೊಟ್ಟ ಸೊಟ್ಟ ತುಂಡು. ತೊಗಟಿ ಕರಿಜಾಲಿಗಿಂತ ತೆಳುವು. ಹೊರಗ ಹಳದಿ ಪಟ್ಟಿ ಕಿರಿದು, ಒಳಗ ಪೂರಾ ಗಾಢ ಕಂದು ಚೇಗು. ಅರೆ ಹಸಿ ಇದ್ರೂ ಹತ್ತಿಕೊಳ್ಳತೈತಿ, ಕೆಂಡ ಬಾಳೊತ್ತು ನಿಲ್ಲತೈತಿ. ನಮ್ಮ ಊರಾಗ ಹೊಟೇಲಿನ ಒಲಿ, ಇಸ್ತ್ರಿ ಅಂಗಡಿ ಇದ್ಲಿ, ಮದುವಿ ಮನಿ ಅಡಗಿ, ಎಲ್ಲಾ ಇದರ ಮ್ಯಾಲ ನಡದಾವು.

ಇದು ನಮ್ಮ ದೇಶದ ಗಿಡ ಅಲ್ಲ. ಇದರ ತವರಮನಿ ಮೆಕ್ಸಿಕೊ, ದಕ್ಷಿಣ ಅಮೆರಿಕದ ಉತ್ತರ ಭಾಗ, ಅದರ ಸುತ್ತಿನ ದ್ವೀಪಗಳು. 1876ರಾಗ ಮದ್ರಾಸ್ ಪ್ರಾಂತ್ಯದ ಅರಣ್ಯ ಅಧಿಕಾರಿ ಬೆಡ್ಡೋಮ್ ಅನ್ನಾವ್ರು ಈ ಗಿಡದ ಬೀಜ ತರಿಸಿ ಕೊಡ್ರಿ ಅಂತ ಸರಕಾರಕ್ಕ ಬರದ್ರು. ಜಮೈಕಾ ದ್ವೀಪದಿಂದ ಬೀಜ ಬಂದು, ಕಡಪಾ ಕಡೆ ಸಸಿ ಮಾಡಿದ್ರು. ಒಣ ಭೂಮ್ಯಾಗೂ ಬರೂವಂಥಾ ಉರವಲ ಗಿಡ ಬೇಕಾಗಿತ್ತು ಅವರಿಗೆ. ಆ ಕಾಲದಾಗ ಆ ಕಡೆ ರೈಲಿನ ಎಂಜಿನ್ನಿಗೂ ಕಟ್ಟಿಗಿ ಹಾಕತಿದ್ರು. 1876 ಅಂದ್ರ ಯಾವ ವರ್ಷ ಅಂತ ನೆನಪಾತೇನ್ರಿ? ಧಾತು ಸಂವತ್ಸರ. ನಮ್ಮ ಹಿರ್ಯಾರು ಹೇಳತಿದ್ದ ಧಾತು ಬರ ಅದ. ಬಳ್ಳಾರಿ, ಕಡಪಾ, ಧಾರವಾಡ, ಬಿಜಾಪುರ, ಎಲ್ಲಾ ಕಡೆ ಮಂದಿ ಹಸದು ಸತ್ತ ಹೊತ್ತಿನ್ಯಾಗ ಈ ಗಿಡ ನಮ್ಮ ಮಣ್ಣಿಗೆ ಕಾಲಿಟ್ಟಿತು.

ಅವಾಗ ಗದಗ ಮುಂಬಯಿ ಪ್ರಾಂತ್ಯ, ಬಳ್ಳಾರಿ ಮದ್ರಾಸ್ ಪ್ರಾಂತ್ಯ, ಕೊಪ್ಪಳ ನಿಜಾಮನ ರಾಜ್ಯ. ಗಿಡಕ್ಕ ಗಡಿ ಗೊತ್ತಿರತೈತೇನು? ಕಾಯಿ ಸೀ ಇರತೈತಿ, ದನ-ಆಡು ತಿಂತಾವು, ಸಗಣಿ ಹಿಕ್ಕಿಯೊಳಗ ಬೀಜ ಊರೂರಿಗೆ ಹೋಗತೈತಿ. ಎಲಿ ಮಾತ್ರ ದನ ಮುಟ್ಟೂದಿಲ್ಲ. ಬುಡಕ್ಕ ಕಡದ್ರ ಮತ್ತ ನಾಕು ಕವಲು ಒಡಿತೈತಿ. ಹೆಸರು ನೋಡ್ರಿ, ಒಬ್ಬೊಬ್ಬರು ಒಂದೊಂದು ಕಡೆ ಕೈ ಮಾಡ್ಯಾರ. ತೆಲುಗರು ಸರ್ಕಾರಿ ತುಮ್ಮ ಅಂತಾರ, ಸರಕಾರದ ಜಾಲಿ ಅಂತ. ತಮಿಳರು ಸೀಮೈ ಕರುವೇಲಂ, ಪರದೇಶದ ಕರಿಜಾಲಿ. ಹಿಂದಿಯವರು ವಿಲಾಯತಿ ಕೀಕರ್. ನಾವು ವಿಲಾಯತಿ ತನಕ ಹೋಗಲಿಲ್ಲ, ಬಾಜೂಕಿನ ಬಳ್ಳಾರಿ ಮ್ಯಾಲ ಹಾಕಿ ಸುಮ್ಮನಾದ್ವಿ. ಬಳ್ಳಾರಿಯವರು ಸಿಟ್ಟ ಮಾಡಬ್ಯಾಡ್ರಿ.

ಈಗ ಎಲ್ಲಾರೂ ಅದನ್ನ ಬೈತಾರ. ಹೊಲ ನುಂಗೇತಿ, ಕೆರಿ ಅಂಗಳ ಮುಚ್ಚೇತಿ, ಮುಳ್ಳು ತುಳದ್ರ ವಾರ ಕುಂಟಬೇಕು, ಅದರ ಬುಡಕ ಬ್ಯಾರೆ ಗಿಡ ಏಳೂದಿಲ್ಲ. ಎಲ್ಲಾ ಖರೆ. ಆದ್ರ ನಾ ಒಂದು ಮಾತು ಕೇಳತೀನಿ. ಬದುವಿನ ಬೇವಿಗೆ ಮಾಲಕ ಅದಾನ, ಹುಣಸಿಗೆ ಮಾಲಕ ಅದಾನ, ಕರಿಜಾಲಿ ಬಂಡಿ ಗಾಲಿಗೆ, ರಂಟಿಗೆ ಬೇಕು. ಬನ್ನಿ ಗಿಡಕ್ಕ ದಸರಾದಾಗ ಪೂಜಿ ಮಾಡತೀವಿ, ಅದನ್ನ ಕಡಿಯೂವಂಗಿಲ್ಲ. ಹೊಲ ಇಲ್ಲದ ಹೆಣಮಗಳು ಎಲ್ಲಿಗೆ ಹೋಗಬೇಕಿತ್ತು? ಯಾರನ್ನೂ ಕೇಳದ, ಯಾರ ಕೈಲೂ ಬೈಸಿಕೊಳ್ಳದ ಆಕಿ ಕಡಕೊಂಡು ಬರೂವಂಥಾ ಒಂದ ಗಿಡ ಬಳ್ಳಾರಿ ಜಾಲಿ. ತಲಿ ಮ್ಯಾಲ ಹೊರಿ, ಕೈತುಂಬ ಮುಳ್ಳಿನ ಗೀರು, ಆದ್ರ ರಾತ್ರಿ ಮಕ್ಕಳಿಗೆ ಬಿಸಿ ರೊಟ್ಟಿ. ಅಷ್ಟರಮಟ್ಟಿಗೆ ಬದುವಿನ ಬೇವು ಹುಣಸಿ ಕೊಡ್ಲಿಗೆ ತಪ್ಪಿದವು. ಇನ್ನೊಂದು ಮಜಾ ಅಂದ್ರ, ಗಿಡದ ಶಾಸ್ತ್ರ ಓದಿದವರ ಪ್ರಕಾರ ನಾವು ಪೂಜಿ ಮಾಡೂ ಬನ್ನಿಗೂ ನಾವು ಬೈಯೂ ಬಳ್ಳಾರಿ ಜಾಲಿಗೂ ಹತ್ತಿರದ ಬಳಗ.

ಕಟ್ಟಿಗಿ ತುದಿ ನೋಡಿ ಗಿಡ ಗುರುತಿಸೂದು ಬರೇ ಹೆಂಗಸರ ಮಾತಲ್ಲ ಮತ್ತ. ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆಯಾಗ ಇದನ್ನ ದುರ್ಬೀನಿನಂಥಾ ಗಾಜು ಹಿಡದು ಮಾಡತಾರ. ಬಳ್ಳಾರಿ ಹತ್ತರದ ಸಂಗನಕಲ್ಲಿನಾಗ ನೆಲ ಅಗದವರು ಸಾವಿರಾರು ವರ್ಷದ ಹಿಂದಿನ ಇದ್ಲಿ ಚೂರು ಆರಿಸಿ, ಅದರ ಎಳಿ ನೋಡಿ ಯಾವ ಗಿಡ ಉರಿಸಿದ್ರು ಅಂತ ಪತ್ತೆ ಹಚ್ಚ್ಯಾರ. ರಾಜರ ಹೆಸರು ಕಲ್ಲಿನ ಮ್ಯಾಲ ಉಳಿತೈತಿ, ಅಡಗಿ ಮಾಡಿದವರ ಗುರುತು ಇದ್ಲ್ಯಾಗ ಉಳಿತೈತಿ.

2016ರಾಗ ಉಜ್ವಲಾ ಬಂದಮ್ಯಾಲ ಬಾಳ ಮನ್ಯಾಗ ಗ್ಯಾಸು ಬಂತು. ಹೊಗಿ ಕುಡದು ಕಣ್ಣು, ಎದಿ ಹಾಳ ಮಾಡಿಕೊಂಡವರಿಗೆ ಅದು ದೊಡ್ಡ ಉಪಕಾರ, ಒಲಿ ಮತ್ತ ಬರಲಿ ಅಂತ ನಾ ಅನ್ನೂದಿಲ್ಲ. ಆದ್ರ ಇನ್ನೂ ಎಷ್ಟೋ ಮನಿ ಬಚ್ಚಲದಾಗ ನೀರು ಕಾಯೂದು ಕಟ್ಟಿಗಿ ಮ್ಯಾಲನ. ಮುಂದಿನ ಸಲ ಹೊರಿ ಬಂದಾಗ ಮನಿ ಹಿರೇರನ್ನ ಕುಂದರಿಸಿ, ಒಂದೊಂದು ತುಂಡು ಅವರ ಕೈಗೆ ಕೊಟ್ಟು ಹೆಸರು ಕೇಳ್ರಿ. ಹುಡುಗುರು ಬರಕೊಳ್ಳಲಿ. ನಿಮ್ಮ ಕಡೆ ಯಾವ ಕಟ್ಟಿಗಿಗೆ ಏನಂತಾರ ನನಗೂ ತಿಳಸ್ರಿ.