ಗೇಣಿದಾರ ಗೆದ್ದ, ಬಾಡಿಗೆದಾರ?

ಗುಂಡ್ಲುಪೇಟೆ ತಾಲೂಕಿನಲ್ಲಿ ಭೀಮನಬೀಡು ಅಂತ ಒಂದು ಊರಿದೆ. ಬೀಡು ಅಂದರೆ ತಂಗುವ ಜಾಗ. ಆ ಕಡೆಯ ಹುಡುಗ ಹುಡುಗಿಯರು ಕೆಲಸ ಹುಡುಕಿ ಮೈಸೂರು ರಸ್ತೆಯಲ್ಲಿ ಬಂದರೆ, ಬೆಂಗಳೂರಿನ ಬಾಗಿಲಲ್ಲಿ ಸಿಗೋದು ಕೆಂಗೇರಿ ಉಪನಗರ. ರೈಲು ಇದೆ, ಬಸ್ ಇದೆ, 2021ರ ಆಗಸ್ಟ್‌ನಿಂದ ಮೆಟ್ರೋನೂ ಇದೆ. ಕೆಲಸ ಊರೊಳಗೆ, ತಂಗೋದು ಇಲ್ಲಿ. ಆದರೆ ಈ ಬೀಡಿಗೆ ಹನ್ನೊಂದು ತಿಂಗಳ ಅಗ್ರಿಮೆಂಟು, ಹತ್ತು ತಿಂಗಳ ಅಡ್ವಾನ್ಸು. ಈ ಲೆಕ್ಕ ಬಂದದ್ದಾದರೂ ಎಲ್ಲಿಂದ?

ಮೊದಲು ಹಳ್ಳಿಯ ಕಥೆ ನೋಡಿ. ಇನ್ನೊಬ್ಬರ ಹೊಲ ಉಳುತ್ತಿದ್ದವನು ಗೇಣಿದಾರ. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಆಗ ವಿಧಾನಸಭೆಯ ಸ್ಪೀಕರ್ ಯಾರು ಗೊತ್ತಾ? ಇದೇ ಗುಂಡ್ಲುಪೇಟೆಯ ಶಾಸಕಿ ಕೆ.ಎಸ್. ನಾಗರತ್ನಮ್ಮ. ರಾಜ್ಯದ ಮೊದಲ ಮಹಿಳಾ ಸ್ಪೀಕರ್ ಅವರು. ಅರ್ಜಿ ಹಾಕಿದವರೆಲ್ಲ ಗೆದ್ದರು ಅಂತ ನಾನು ಹೇಳಲ್ಲ. ಆದರೂ ಉಳುವವನ ಪರವಾಗಿ ಕಾನೂನು ನಿಂತಿತ್ತು.

ನಗರದ ಬಾಡಿಗೆದಾರನ ಪರವಾಗಿಯೂ ಒಂದು ಕಾಲದಲ್ಲಿ ನಿಂತಿತ್ತು. ಮೈಸೂರು ರಾಜ್ಯದಲ್ಲಿ 1951ರಲ್ಲೇ ಮನೆ ಬಾಡಿಗೆ ನಿಯಂತ್ರಣಕ್ಕೆ ಕಾಯ್ದೆ ಬಂತು. ಏಕೀಕರಣ ಆದಮೇಲೆ 1961ರಲ್ಲಿ ಇಡೀ ರಾಜ್ಯಕ್ಕೆ ಇನ್ನೊಂದು. ಇವತ್ತಿನವರು ನಂಬಲಿಕ್ಕಿಲ್ಲ, ಆ ಕಾಯ್ದೆ ಪ್ರಕಾರ ಮನೆ ಖಾಲಿಯಾದರೆ ಮಾಲೀಕ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಯಾರಿಗೆ ಕೊಡಬೇಕು ಅಂತ ಆ ಅಧಿಕಾರಿಯೇ ಆದೇಶ ಮಾಡಬಹುದಿತ್ತು. ಕಾರಣ ಇಲ್ಲದೆ ಎಬ್ಬಿಸೋ ಹಾಗಿರಲಿಲ್ಲ. ಮಾಲೀಕರಿಗೆ ಹೆದರಿಕೆ ಹತ್ತಿತು, ‘ಒಂದ್ಸಲ ಕೊಟ್ರೆ ಮನೆ ವಾಪಸ್ ಬರಲ್ಲ’ ಅಂತ. ಹಿಂಗಾಗಿ ಬೀಗ ಹಾಕಿಟ್ಟುಕೊಂಡವರೂ ಇದ್ದರು. ತಪ್ಪು ಪೂರ್ತಿ ಅವರದ್ದೇ ಅನ್ನೋಕಾಗಲ್ಲ. ಪಿಂಚಣಿ ದುಡ್ಡಲ್ಲಿ ಮಹಡಿ ಕಟ್ಟಿಸಿದ ಮೇಷ್ಟ್ರೂ ಮಾಲೀಕರೇ ಅಲ್ವಾ?

ಆಮೇಲೆ ಬಂತು 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಜಾರಿಯಾಗಿದ್ದು 2001ರ ಡಿಸೆಂಬರ್ 31ಕ್ಕೆ. ಅದರಲ್ಲಿ ಒಂದು ಸಾಲಿದೆ. ಬೆಂಗಳೂರಿನಂಥ ದೊಡ್ಡ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಪಟ್ಟಣಗಳಲ್ಲಿ 2,000 ರೂಪಾಯಿ ಮೀರಿದ ಮನೆಗೆ ಈ ಕಾಯ್ದೆ ಅನ್ವಯಿಸಲ್ಲ! ಆವತ್ತಿಗೆ ಅದು ಒಳ್ಳೇ ಬಾಡಿಗೆಯೇ. ಇವತ್ತು ಕೆಂಗೇರಿಯಲ್ಲಿ ಆ ದುಡ್ಡಿಗೆ ಮನೆ ಹುಡುಕಿ ನೋಡಿ.

ಹಾಗಾದರೆ ಹೆಚ್ಚು ಬಾಡಿಗೆ ಕೊಡೋನಿಗೆ ಯಾವ ಕಾನೂನು? ಬ್ರಿಟಿಷರ ಕಾಲದ, 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆಯವನಿಗೆ 15 ದಿನದ ನೋಟಿಸ್ ಸಾಕು. ಅಡ್ವಾನ್ಸ್ ಎಷ್ಟಿರಬೇಕು ಅನ್ನೋ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ಇನ್ನು ಹನ್ನೊಂದು ತಿಂಗಳು ಯಾಕೆ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಒಂದು ತಿಂಗಳು ಕಡಿಮೆ ಬರೆಯೋದು ರೂಢಿಯಾಯಿತು.

ಹತ್ತು ತಿಂಗಳ ಅಡ್ವಾನ್ಸ್ ಯಾವ ಕಾಯ್ದೆಯಲ್ಲೂ ಇಲ್ಲ. ನನ್ನ ಪ್ರಕಾರ, ಮಾಲೀಕರು ತಮ್ಮ ಹಳೇ ಹೆದರಿಕೆಗೆ ಕಟ್ಟಿದ ಬೆಲೆ ಅದು. ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ: 15,000 ಬಾಡಿಗೆಯಾದರೆ ಅಡ್ವಾನ್ಸ್ 1,50,000. ಶೇಕಡಾ 7ರಂತೆ ವರ್ಷದ ಬಡ್ಡಿ 10,500. ಬಾಡಿಗೆ ಜೊತೆ ಅದೂ ಹೋಯಿತು. ಇಷ್ಟು ದುಡ್ಡು ಭೀಮನಬೀಡಿನಂಥ ಊರಿನ ಮನೆಯಿಂದ ಹೊರಡಬೇಕಾದರೆ ಒಡವೆ ಅಡ ಇಡಬೇಕು, ಇಲ್ಲಾ ಸಾಲ ತರಬೇಕು. ಖಾಲಿ ಮಾಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ, ಕೇಳೋಕೆ ಹತ್ತಿರದಲ್ಲಿ ಯಾವ ನ್ಯಾಯಮಂಡಳಿಯೂ ಇಲ್ಲ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ತಗೋಬಾರದು ಅನ್ನುತ್ತೆ ಅದು. ಆದರೆ ಅದು ಮಾದರಿ ಅಷ್ಟೇ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜೀವ. 1974ರಲ್ಲಿ ಗೇಣಿದಾರರು ಎಲ್ಲಿ ಉಳುತ್ತಿದ್ದರೋ ಅಲ್ಲೇ ಓಟು ಹಾಕುತ್ತಿದ್ದರು. ಕೆಂಗೇರಿಯ ಬಾಡಿಗೆದಾರರಲ್ಲಿ ಅದೆಷ್ಟೋ ಜನ ಓಟು ಹಾಕೋಕೆ ಇವತ್ತಿಗೂ ಊರಿನ ಬಸ್ ಹತ್ತುತ್ತಾರೆ.